ತಮ್ಮನ ಡಾಲರು, ನನ್ನ ಡಾಲರು

ಹಳೇಬೀಡಿನಲ್ಲಿ ನಮ್ಮಿಬ್ಬರ ಅಂಗಡಿ ಎದುರುಬದುರು. ಬಳಪದ ಕಲ್ಲಿನ ವಿಗ್ರಹ ಕೆತ್ತಿಸಿ ಮಾರುವ ಕಸುಬನ್ನು ತಮ್ಮನಿಗೆ ಕಲಿಸಿದವನು ನಾನೇ. ಮದುವೆಯಾದ ಮೇಲೆ ಅವನು ಬೇರೆ ಅಂಗಡಿ ಹಾಕಿದ. ಅದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಅಮೆರಿಕದ ವ್ಯಾಪಾರಿಯೊಬ್ಬ ನನಗೆ ಗಣಪತಿಗಳ ಆರ್ಡರ್ ಕೊಟ್ಟು, ರಸ್ತೆ ದಾಟಿ ಅವನಿಗೂ ಅಷ್ಟೇ ಕೊಟ್ಟನಲ್ಲ, ಅಂದಿನಿಂದ ನನ್ನ ಹೊಟ್ಟೆಕಿಚ್ಚು ಶುರುವಾಯಿತು.

ಬೆಲೆಯೆಲ್ಲ ಡಾಲರಿನಲ್ಲಿ. ಮಾಲು ತಲುಪಿ ಹಣ ಬರಲು ನಾಲ್ಕಾರು ತಿಂಗಳು. ಅಷ್ಟರಲ್ಲಿ ಡಾಲರ್ ಏರಿದರೆ ನಮಗೆ ಹೆಚ್ಚು ರೂಪಾಯಿ, ಇಳಿದರೆ ಕಡಿಮೆ. ಈ ಏರಿಳಿತ ಊಹಿಸುವುದರಲ್ಲಿ ನನಗೆ ಹೆಸರಿತ್ತು. ಮೊದಲ ಬಸ್ಸಿಗೆ ಬರುವ ಪೇಪರಿನ ವಾಣಿಜ್ಯ ಪುಟ ಓದದೆ ಕಾಫಿ ಕುಡಿಯುತ್ತಿರಲಿಲ್ಲ. ಬೇಲೂರಿನ ಅಂಗಡಿಯವರು ಫೋನ್ ಮಾಡಿ, "ಡಾಲರ್ ಏನಾಗುತ್ತೆ ಅಣ್ಣಾ?" ಎಂದು ಕೇಳುತ್ತಿದ್ದರು. ತಮ್ಮ ಮಾತ್ರ ಒಂದು ದಿನವೂ ಕೇಳಲಿಲ್ಲ.

ಅವನ ಮಾವ ಅರಸೀಕೆರೆಯ ಕೊಬ್ಬರಿ ವರ್ತಕರು. ಮಾಲು ಕೈಸೇರುವ ಮೊದಲೇ ದರ ಮಾತಾಡಿಕೊಂಡು ನಿಶ್ಚಿಂತರಾಗಿರುವುದು ಅವರ ಪದ್ಧತಿ. ಅಳಿಯನೂ ಅದನ್ನೇ ಹಿಡಿದ. ಹಾಸನದ ಬ್ಯಾಂಕಿಗೆ ಹೋಗಿ, ಮುಂದೆ ಬರಲಿರುವ ಡಾಲರಿಗೆ ಅವತ್ತೇ ದರ ಗೊತ್ತುಮಾಡಿಕೊಂಡು ಬಂದ.

"ಯಾಕೋ ಕಟ್ಟಿಹಾಕ್ಕೊಂಡೆ? ಡಾಲರ್ ಇನ್ನೂ ಏರುತ್ತೆ ಕಣೋ," ಎಂದೆ.

"ಏರಿದ್ರೆ ಏರಲಿ ಬಿಡಣ್ಣ. ಕೆತ್ತೋರಿಗೆ ಕೂಲಿ ಕೊಟ್ಟು ಇಷ್ಟು ಉಳಿಯುತ್ತೆ ಅಂತ ಈಗ್ಲೇ ಗೊತ್ತಾದ್ರೆ ನಂಗೆ ಸಾಕು."

ಅದು ಎರಡು ಸಾವಿರದ ಏಳು. ಡಾಲರ್ ಇಳಿಯಿತು. ಇವತ್ತು ತಿರುಗುತ್ತೆ, ನಾಳೆ ತಿರುಗುತ್ತೆ ಎಂದು ಕಾದೆ. ತಿರುಗಲಿಲ್ಲ. ಕೂಲಿ, ಸಾಗಣೆ ಎಲ್ಲ ಕಳೆದ ಮೇಲೆ ನನಗೆ ಏನೂ ಗಿಟ್ಟಲಿಲ್ಲ. ಎದುರಂಗಡಿಗೆ ಮಾತ್ರ ಕಲ್ಲು ಕೊಯ್ಯುವ ಹೊಸ ಮಿಷನ್ ಬಂತು. ಅದರ ಕಿರುಚಾಟ ದಿನವಿಡೀ ನನ್ನ ಎದೆಯನ್ನೇ ಕೊಯ್ದಂತೆ ಕೇಳುತ್ತಿತ್ತು. ಹೆಂಡತಿ ಬೇರೆ, "ನಿಮ್ ತಮ್ಮನ್ನ ಒಂದ್ ಮಾತು ಕೇಳಬಾರದಿತ್ತೇನ್ರೀ?" ಅಂದಳು. ಅವಳ ಜೊತೆ ಮಾತು ಬಿಟ್ಟೆ.

ಮಾಲೇಕಲ್ಲು ಬೆಟ್ಟ ಹತ್ತಿದಾಗ, ಡಾಲರ್ ಏರಲಿ ಎಂದು ಅಲ್ಲಿನ ದೇವರಿಗೆ ಕೈಮುಗಿದೆ. ಏರುವ ಹೊತ್ತಿಗೆ ತಮ್ಮ ತನ್ನ ದರ ಕಟ್ಟಿಹಾಕಿಕೊಂಡಿರಲಿ ಎಂದೂ ಬೇಡಿಕೊಂಡೆ.

ಮರುವರ್ಷ ಎರಡೂ ಆಯಿತು. ಡಾಲರ್ ಜಿಗಿದ ದಿನ ಪೇಪರ್ ಹಿಡಿದುಕೊಂಡೇ ರಸ್ತೆ ದಾಟಿದೆ. ತಮ್ಮ ನೆಲದ ಮೇಲೆ ಕೂತು ನಂದಿಯೊಂದಕ್ಕೆ ಹುಲ್ಲು ಸುತ್ತಿ ಪೆಟ್ಟಿಗೆಗಿಡುತ್ತಿದ್ದ.

"ನೋಡಿದ್ಯಾ? ಕಟ್ಟಿಹಾಕದೇ ಇದ್ದಿದ್ರೆ ಎಷ್ಟು ಸಿಗ್ತಿತ್ತು ನಿಂಗೆ!"

ಅವನು ತಲೆಯೆತ್ತಿ ನಕ್ಕ. "ಹೌದಾ? ಹೋದ ವರ್ಷದ ಲಾಸು ತುಂಬ್ಕೊಂತಲ್ಲಣ್ಣ ನಿಂಗೆ. ಕೂತ್ಕೋ, ಕಾಫಿ ತರಿಸ್ತೀನಿ."

ಅದು ಬಾಯಿಮಾತಲ್ಲ. ನಿಜವಾಗಿ ಖುಷಿಪಟ್ಟಿದ್ದ. ಗೆದ್ದವನು ನಾನು, ಆದರೆ ಆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅವನ ಲಾಭದ ಮೇಲಿದ್ದ ಅಸೂಯೆಯನ್ನು ಹೇಗೋ ಸಹಿಸಿಕೊಂಡಿದ್ದೆ. ನಷ್ಟದಲ್ಲೂ ಹೀಗೆ ಹಗುರವಾಗಿ ಇರಬಲ್ಲನಲ್ಲ, ಅದನ್ನು ಸಹಿಸಲಾಗಲಿಲ್ಲ.

ಮುಂದಿನ ಆರ್ಡರ್ ಬಂದಾಗ ನಾನೇ ಅವನನ್ನು ಕರೆದುಕೊಂಡು ಹಾಸನಕ್ಕೆ ಹೋದೆ. ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದ. ಅರ್ಧ ಹಣಕ್ಕೆ ದರ ಗೊತ್ತುಮಾಡಿದೆ, ಇನ್ನರ್ಧವನ್ನು ಡಾಲರ್ ಏರೀತೆಂದು ಹಾಗೇ ಬಿಟ್ಟೆ. ವಾಪಸು ಬರುವಾಗ ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ತಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದ. ನಾನು ಬಿಟ್ಟಿದ್ದ ಆ ಅರ್ಧದ ಲೆಕ್ಕ ಹಾಕುತ್ತಾ, ಅವನ ಗೊರಕೆ ಕೇಳುತ್ತಾ ಊರಿನವರೆಗೂ ಉರಿಯುತ್ತಲೇ ಕೂತಿದ್ದೆ.