ಹೆಸರು ಬೇಡ, ನಂಬರು ಸಾಕು

ನಾಮಕ್ಕಲ್‌ನ ಲಾರಿ ಸ್ಟ್ಯಾಂಡಿನಲ್ಲಿ ಡ್ರೈವರುಗಳಿಗೆ ಹೆಸರಿರುವುದಿಲ್ಲ, ನಂಬರು ಇರುತ್ತದೆ. ನಮ್ಮ ಪಕ್ಕದ ಮನೆಯ ಕೊಳಂದವೇಲು ಅಣ್ಣ ಹದಿನೆಂಟು ವರ್ಷದಿಂದ ‘ನಲವತ್ತೆರಡು ಹದಿನೇಳು’. ಆ ನಂಬರಿನ ಗಾಡಿ ಗುಜರಿಗೆ ಹೋಗಿ ಆರು ವರ್ಷವಾಯಿತು. ನಂಬರು ಮಾತ್ರ ಇವರ ಮೈಗೆ ಅಂಟಿಕೊಂಡಿತು. ಅವರ ತಾಯಿ ಹೋದಾಗ ಸ್ಟ್ಯಾಂಡಿನ ಹಲಗೆಯ ಮೇಲೆ ‘4217ರ ಅಮ್ಮ ತೀರಿಕೊಂಡರು’ ಎಂದೇ ಬರೆದಿದ್ದರು.

ಮದುವೆಯಾಗದೆ ನಲವತ್ತು ದಾಟಿದವರು. ನಾಗಪುರದಿಂದ ಬಂದಾಗಲೆಲ್ಲ ನಮ್ಮ ಮೆಟ್ಟಿಲ ಮೇಲೊಂದು ಕಿತ್ತಳೆಯ ಚೀಲ ಇಟ್ಟು ಹೋಗುವರು. ನನ್ನ ಮಗುವನ್ನು ಎತ್ತಿಕೊಂಡರೆ ಸ್ಟೀರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಉಸಿರು ಬಿಡಲೂ ಹೆದರುವರು.

ಈ ವೈಕಾಸಿ ತಿಂಗಳಲ್ಲಿ ಅವರಿಗೊಂದು ಸಂಬಂಧ ಕೂಡಿಬಂತು. ಹುಡುಗಿ ಪೂಂಗೊಡಿ, ಬಟ್ಟೆ ಹೊಲಿಯುವವಳು. ಜಾತಕ ಕೂಡಿದ ಮರುದಿನ ಅವಳೇ ಬಂದು ನಮ್ಮ ಗೇಟಿನ ಹತ್ತಿರ ಅಣ್ಣನನ್ನು ನಿಲ್ಲಿಸಿದಳು.

“ಜಾತಕ ಆಯ್ತು. ಇನ್ನು ಆ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ನಾನೂ ಮಾಡಿಸ್ತೀನಿ. ನಮ್ಮಕ್ಕನ ಗಂಡನೂ ಡ್ರೈವರೇ. ಒಬ್ಬರೂ ಸಮಯಕ್ಕೆ ನೋಡಿಸ್ಕೊಳ್ಳಲಿಲ್ಲ, ಇಬ್ಬರೂ ಹೋದ್ರು. ಆ ಚೀಟಿ ನೋಡದೆ ನಾನು ಶುಕ್ರವಾರದ ನಿಶ್ಚಿತಾರ್ಥಕ್ಕೆ ಕೂರಲ್ಲ.” ಎರಡು ಹೆಜ್ಜೆ ಹೋಗಿ ತಿರುಗಿದಳು. “ನಮ್ಮಣ್ಣನ ಕಿವಿಗೆ ಬಿದ್ರೆ ಮಾತ್ರ ಮದುವೆ ಮುರೀತು ಅನ್ಕೊಳ್ಳಿ. ತಪ್ಪು ಮಾಡಿದವ್ನೇ ಪರೀಕ್ಷೆಗೆ ಹೋಗೋದು ಅಂತಾನೆ ಅವ್ನು.”

ಅಣ್ಣ ಗೋಡೆ ನೋಡುತ್ತ ನನ್ನನ್ನು ಕೇಳಿದರು: “ಅಮ್ಮಿಣಿ, ಬಸುರಿಯಾಗಿದ್ದಾಗ ನಿನಗೂ ಮಾಡಿದ್ರಲ್ಲ… ಅದು… ಎಲ್ಲಿ?”

ಬಸುರಿಯರಿಗೆಲ್ಲ ಆ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಹಾಗಾಗಿ ನಮ್ಮ ಬೀದಿಗೆ ನಾನೇ ತಜ್ಞೆ. ಇಲ್ಲಿನ ಆಸ್ಪತ್ರೆಯಾದರೆ ಕಾಂಪೌಂಡಿನ ಟೀ ಅಂಗಡಿಯವನಿಂದ ಹಿಡಿದು ಎಲ್ಲರೂ ಗುರುತಿನವರು. ಏಡ್ಸ್ ಸಹಾಯವಾಣಿ 1097ಕ್ಕೆ ಫೋನು ಮಾಡಿ, ದುಡ್ಡು ಕೊಡ್ಬೇಕಿಲ್ಲ, ನೀವ್ಯಾರು ಅಂತ ಕೇಳೋದೂ ಇಲ್ಲ ಅಂದೆ. ಅಣ್ಣ ಮಹಡಿಯ ನೀರಿನ ಟ್ಯಾಂಕಿನ ಹಿಂದೆ ಕೂತು, ಬಾಯಿಗೆ ಟವೆಲ್ ಅಡ್ಡ ಹಿಡಿದು, ಹೆಣ್ಣುದನಿಯಲ್ಲಿ ಶುರು ಮಾಡಿದರು: “ನನ್ನ ಅಣ್ಣನಿಗೊಬ್ಬ ಸ್ನೇಹಿತ ಇದ್ದಾನೆ…”

ಆ ಕಡೆಯವರು ಎಲ್ಲ ಕೇಳಿಸಿಕೊಂಡು ಹೇಳಿದರಂತೆ: “ಪರವಾಗಿಲ್ಲ ಸಾರ್, ನೀವೇ ಮಾತಾಡಿ.”

ಎರಡು ತಾಸು ದೂರದ ಊರಲ್ಲಿ ಒಂದು ಸಂಸ್ಥೆಯ ಪರೀಕ್ಷಾ ಕೇಂದ್ರ ಇದೆಯಂತೆ. ಹೆಸರು ಬೇಡ, ಮರೆಯದಂಥ ನಾಲ್ಕಂಕಿ ಹೇಳಿದರೆ ಸಾಕು.

ಗುರುವಾರ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಗುರುತಿಲ್ಲದವರ ಹಾಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ಮಗು, ಪೂಂಗೊಡಿ, ಮೊಸರನ್ನದ ಡಬ್ಬಿ, ಆರು ಲಂಗೋಟಿ. ಮುಂದೆ ಅಣ್ಣ, ಆ ಬಿಸಿಲಲ್ಲಿ ಮಂಕಿಕ್ಯಾಪು, ಕಪ್ಪು ಕನ್ನಡಕ.

“ಏನ್ ಸಾರ್, ಊಟಿಗಾ?” ಅಂದ ಕಂಡಕ್ಟರು.

ಕೇಂದ್ರದ ಬೆಂಚಿನ ಮೇಲೆ ಆಗಲೇ ಆರು ಗಂಡಸರು. ಮಂಕಿಕ್ಯಾಪು, ಟವೆಲ್ಲು, ಒಬ್ಬನಂತೂ ಗಾಜು ಇಳಿಸಿದ ಹೆಲ್ಮೆಟ್ಟಿನಲ್ಲೇ ಕೂತಿದ್ದ. ಮಗು ಅದನ್ನು ನೋಡಿ ಕೇಕೆ ಹಾಕಿತು. ಅಣ್ಣ ಒಳಗೆ ಹೋಗಿ ಅಂಕಿ ಹೇಳಿ, ರಕ್ತ ಕೊಟ್ಟು ಬಂದು ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕೇಂದ್ರದ ಸಹಾಯಕಿ ಬಾಗಿಲು ತೆರೆದಳು.

“ನಲವತ್ತೆರಡು ಹದಿನೇಳು, ಬನ್ನಿ.”

ಇಡೀ ಬೆಂಚು ತಿರುಗಿತು.

“ಏ ಕೊಳಂದವೇಲು! ಗೋವಾ ಲೋಡಿಗೆ ಹೋಗ್ತೀನಿ ಅಂದಿದ್ಯಲ್ಲೋ!” ಎಂದಿತು ಒಂದು ಟವೆಲ್ಲು.

“ಈ ಗಂಟಲು ಎಪ್ಪತ್ತು ಮೂವತ್ತಾರಲ್ವಾ? ನೀನು ಅತ್ತೆ ಮನೆಗೆ ಅಂದಿದ್ದೆ?” ಎಂದರು ಅಣ್ಣ.

“ಅತ್ತೆ ಮನೆ ಇದೇ ದಾರೀಲಿ!”

ಅಣ್ಣ ತಲೆತಗ್ಗಿಸಿ ಒಳಗೆ ಹೋದರು. ಸಹಾಯಕಿ ಉಳಿದ ನಂಬರುಗಳನ್ನು ಕರೆಯತೊಡಗಿದಳು. ಪ್ರತಿ ನಂಬರಿಗೂ ಆಸಾಮಿ ಏಳುವ ಮೊದಲೇ ಬೆಂಚಿನಿಂದ ಅವನ ಹೆಸರು ಬರುತ್ತಿತ್ತು. ಮರೆಯದಂಥ ಅಂಕಿ ಎಂದರೆ ಎಲ್ಲರಿಗೂ ನೆನಪಾದದ್ದು ಒಂದೇ, ತಂತಮ್ಮ ಗಾಡಿಯ ನಂಬರು. ಸಹಾಯಕಿ ನನ್ನ ಕಿವಿಯಲ್ಲಿ ಕೇಳಿದಳು: “ಇವರೆಲ್ಲ ಸಂಬಂಧಿಕರಾ?”

“ಹೆಚ್ಚುಕಮ್ಮಿ,” ಅಂದೆ.

“ತೊಂಬತ್ತೊಂದು ಸೊನ್ನೆ ಎಂಟು.”

ಹೆಲ್ಮೆಟ್ಟು ಎದ್ದಿತು. ಪೂಂಗೊಡಿ ನನ್ನ ಮಣಿಕಟ್ಟು ಹಿಡಿದಳು. ಅದು ಅವಳ ಅಣ್ಣ ಅಂಗಮುತ್ತುವಿನ ನಂಬರು! ಗಾಜು ಮೆಲ್ಲಗೆ ಮೇಲೆ ಹೋಯಿತು.

“ನೀನ್ಯಾಕೆ ಇಲ್ಲಿ?” ಅಂದ.

“ನೀನ್ಯಾಕೆ?”

“ನಾನು… ನೀರು ಕುಡಿಯೋಕೆ ಬಂದೆ.”

“ನಾನೂ ಅಷ್ಟೇ.”

ಅಷ್ಟರಲ್ಲಿ ಕೊಳಂದವೇಲು ಅಣ್ಣ ಚೀಟಿ ಹಿಡಿದು ಹೊರಬಂದರು. ಅಂಗಮುತ್ತುವನ್ನು ಕಂಡು ನಿಂತರು, ಕ್ಯಾಪು ತೆಗೆದರು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಚೀಟಿಯನ್ನು ನೇರವಾಗಿ ಪೂಂಗೊಡಿಯ ಕೈಗೇ ಕೊಟ್ಟರು.

“ಎಚ್‌ಐವಿ ಇಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡಿಸ್ಬೇಕು. ಆದ್ರೆ ಸಿಫಿಲಿಸ್ ಇದೆ. ಯಾವಾಗಿನದೋ ಏನೋ. ವಾರಕ್ಕೊಂದರ ಹಾಗೆ ಮೂರು ಇಂಜೆಕ್ಷನ್ ಕೊಟ್ರೆ ವಾಸಿಯಾಗುತ್ತಂತೆ. ನೀನು ಬೇಡ ಅಂದ್ರೂ ನಾನು ಏನೂ ಅನ್ನಲ್ಲ.”

ಅವಳು ಎರಡು ಸಲ ಓದಿದಳು.

“ಎಲ್ಲಿಗೆ ಚುಚ್ತಾರೆ?”

“ಸೊಂಟಕ್ಕೆ.”

“ಹೋಗಿ ಚುಚ್ಚಿಸ್ಕೊಳ್ಳಿ. ನನ್ನ ರಕ್ತ ಇನ್ನೂ ತೊಗೊಂಡಿಲ್ಲ. ನಾನೆಲ್ಲೂ ಹೋಗಲ್ಲ.”

ಅಂಗಮುತ್ತು ಬಾಯಿ ತೆರೆದ. ಸಹಾಯಕಿ ಅವನ ನಂಬರನ್ನು ಇನ್ನೊಮ್ಮೆ ಕೂಗಿದಳು. ಅವನು ಬಾಯಿ ಮುಚ್ಚಿ, ಹೆಲ್ಮೆಟ್ಟನ್ನು ತಂಗಿಯ ಮಡಿಲಲ್ಲಿಟ್ಟು ಒಳಗೆ ನಡೆದ.

ಮರುದಿನ ನಿಶ್ಚಿತಾರ್ಥ ನಡೆಯಿತು. ಮದುವೆಯನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದವನು ಅಂಗಮುತ್ತುವೇ. ಅವನ ದೊಡ್ಡಪ್ಪ ತಾಂಬೂಲದ ತಟ್ಟೆ ಬದಲಾಯಿಸುವ ಮೊದಲು ಕೇಳಿದರು: “ಲಾರಿಯವನಪ್ಪಾ, ಸರಿಯಾಗಿ ವಿಚಾರಿಸಿದ್ದೀಯಾ?”

“ವಿಚಾರಿಸಿದ್ದೀನಿ.”

“ಎಲ್ಲಿ?”

“ವಿಚಾರಿಸಿದ್ದೀನಿ ಅಂದ್ನಲ್ಲ ದೊಡ್ಡಪ್ಪಾ,” ಎಂದ ಅಂಗಮುತ್ತು. ಸೊಂಟ ನೋಯುತ್ತಿದ್ದ ಭಾವನಿಗೆ ತಾನೇ ಒಂದು ದಿಂಬು ತಂದುಕೊಟ್ಟ.