ನೇರಳೆ ಅಂಚಿನ ಬುಟ್ಟಿ

ಹನುಮಂತಪ್ಪ, ನಿಮ್ಮ ಕೇಬಲ್ಲಿನ ನೇರಳೆ ವಯರುಗಳನ್ನು ಕತ್ತರಿಸಿದವಳು ನಾನು. ಐದನ್ನೂ. ನಿಮ್ಮದೇ ಇಕ್ಕಳದಿಂದ — ಹೇಳುವುದಾದರೆ ಪೂರ್ತಿ ಹೇಳಬೇಕು.

ನಾನು ಓದಿದ್ದು ಮೂರನೇ ಕ್ಲಾಸು. ನ್ಯಾಮತಿಯ ಶಾಲೆಯಲ್ಲಿ ಕಲಿತ ಅಕ್ಷರವನ್ನು ಇಷ್ಟುದ್ದ ಯಾವತ್ತೂ ಬರೆದಿಲ್ಲ. ಕೈ ನೋಯುತ್ತದೆ. ನೋಯಲಿ.

ನಿಮಗೆ ಎಲ್ಲ ಗೊತ್ತು, ಆದರೆ ಇದನ್ನು ಓದುವ ಬೇರೆಯವರಿಗೆ ಗೊತ್ತಿಲ್ಲವಲ್ಲ. ಎಂಬತ್ತರ ದಶಕ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕಟ್ಟಡ. ಅಲ್ಲಿ ಟೆಲಿಫೋನ್ ಲೈನಿನ ಕೆಲಸ ಕಲಿಸುತ್ತಿದ್ದರು, ಮೂರು ತಿಂಗಳ ತರಬೇತಿ. ಹದಿನಾಲ್ಕು ಜನ ಕಲಿಯುವವರು, ಕಲಿಸಲು ಒಬ್ಬ ಸಾಹೇಬರು, ಅಡಿಗೆಗೆ ನಾನು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನೀವು ಜಗಳೂರು ಕಡೆಯ ಸೊಕ್ಕೆಯವರು. ಹನ್ನೊಂದು ವರ್ಷ ಟೆಲಿಫೋನ್ ಕಂಬಕ್ಕೆ ಗುಂಡಿ ತೋಡಿದವರು. ಪಾಸಾದರೆ ಲೈನ್‌ಮನ್, ಕಾಯಂ ಕೆಲಸ. ಫೇಲಾದರೆ ಮತ್ತೆ ಹಾರೆ. ವಯಸ್ಸು ಮೀರುತ್ತಿದ್ದುದರಿಂದ ಇನ್ನೊಂದು ಸಲ ಕರೆಯುವಂತೆಯೂ ಇರಲಿಲ್ಲ. ಇದು ನನಗೆ ಗೊತ್ತಿತ್ತು. ನೀವೇ ಹೇಳಿದ್ದಿರಿ, ಈರುಳ್ಳಿ ಸುಲಿಯುತ್ತಾ.

ಆ ಬಣ್ಣಗಳೇ ಒಂದು ರಗಳೆ. ಒಂದು ಕೇಬಲ್ಲಿನೊಳಗೆ ಇಪ್ಪತ್ತೈದು ಜೋಡಿ ವಯರು, ಒಂದೊಂದು ಜೋಡಿಗೂ ಎರಡೆರಡು ಬಣ್ಣ, ಅವುಗಳ ಸರದಿ ತಪ್ಪಿದರೆ ಒಬ್ಬರ ಫೋನು ಇನ್ನೊಬ್ಬರ ಮನೆಯಲ್ಲಿ ಹೊಡೆದುಕೊಳ್ಳುತ್ತದೆ. ಮಿಕ್ಕವರು ಪುಸ್ತಕದಲ್ಲಿ ಬರೆದುಕೊಂಡು ಕಲಿತರು. ನೀವು ಬರೆಯುವುದರಲ್ಲಿ ನನಗಿಂತ ಹಿಂದೆ. ಅದಕ್ಕೇ ಬೆಳಗಾದರೆ ಅಡಿಗೆಮನೆಗೆ ಬಂದು ಕೂರುತ್ತಿದ್ದಿರಿ.

"ಗೌರಕ್ಕಾರೆ, ಒಂದು ತಟ್ಟೆ ಕೊಡ್ರಿ. ಹಂಗೇ ಒಂದು ಬದನೆಕಾಯಿ."

ತಟ್ಟೆಯಲ್ಲಿ ಸಾಲಾಗಿ ಮಂಡಕ್ಕಿ, ಒಣಮೆಣಸಿನಕಾಯಿ, ಹುಚ್ಚೆಳ್ಳು, ಅರಿಸಿನದ ಕೊಂಬು, ಬದನೆಕಾಯಿ. ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಇವು ಐದು ಮನೆ. ಒಂದೊಂದು ಮನೆಗೂ ಐದೈದು ನೆಂಟರು ಸರದಿಯಲ್ಲಿ ಬರುತ್ತಾರೆ — ನೀಲಿ, ಕೇಸರಿ, ಹಸಿರು, ಕಾಫಿ, ಬೂದಿ. ನೀವು ಒಪ್ಪಿಸುವಿರಿ, ನಾನು ರೊಟ್ಟಿ ತಟ್ಟುತ್ತಾ ಕೇಳುವೆ. ನಡುವೆ ತಪ್ಪಿದರೆ, "ಹಸಿರು ನುಂಗಿದ್ರಿ, ಮತ್ತೆ ಮಂಡಕ್ಕಿಯಿಂದ ಬರ್ರಿ" ಎಂದು ನಾನೇ ಗದರುತ್ತಿದ್ದೆ. "ಸಾಹೇಬರಿಗಿಂತ ನಿಮ್ದೇ ಜೋರು ನೋಡ್ರಿ" ಎನ್ನುತ್ತಿದ್ದಿರಿ. ಎರಡು ತಿಂಗಳು ತುಂಬುವ ಹೊತ್ತಿಗೆ ಇಪ್ಪತ್ತೈದೂ ನಿಮ್ಮ ನಾಲಿಗೆಯ ಮೇಲಿದ್ದವು. ನನ್ನ ನಾಲಿಗೆಯ ಮೇಲೂ.

ಈಗ ಬುಟ್ಟಿಯ ವಿಷಯ. ಕಲಿಯುವವರು ಕತ್ತರಿಸಿ ಬಿಟ್ಟ ತುಂಡು ವಯರನ್ನು ಒಂದು ಡಬ್ಬಕ್ಕೆ ಹಾಕುತ್ತಿದ್ದರು. ಅದನ್ನು ನಾನು ತೆಗೆದುಕೊಳ್ಳಲು ಸಾಹೇಬರ ಒಪ್ಪಿಗೆ ಇತ್ತು. ಆಗ ಎಲ್ಲರ ಮನೆಯಲ್ಲೂ ವಯರ್ ಬುಟ್ಟಿ ಹೆಣೆಯುವ ಹುಚ್ಚು. ಸಾಹೇಬರ ಹೆಂಡತಿ ನೋಡಿ ಕೇಳಿದರು — "ಗೌರಮ್ಮ, ನಂಗೂ ಒಂದು ಹಾಕ್ಕೊಡು. ಅಂಚು ಮಾತ್ರ ನೇರಳೆ ಇರ್ಲಿ, ನನ್ನ ಸೀರೆಗೆ ಹೊಂದ್ತೈತೆ." ಮುಂದಿನ ತಂಡ ಬಂದಾಗಲೂ ಅಡಿಗೆಗೆ ನನ್ನನ್ನೇ ಇಟ್ಟುಕೊಳ್ಳಲು ಸಾಹೇಬರಿಗೆ ಹೇಳುವುದಾಗಿ ಅವರು ಅಂದಿದ್ದರು. ಬುಟ್ಟಿ ಆಯಿತು, ಅಂಚು ಉಳಿಯಿತು. ಡಬ್ಬದಲ್ಲಿ ನೇರಳೆಯೇ ಇಲ್ಲ! ನೇರಳೆ ಬರುವುದು ಕಟ್ಟಕಡೆಗೆ, ಅಷ್ಟರೊಳಗೆ ಊಟದ ಗಂಟೆಯಾಗಿ ಎಲ್ಲರೂ ಎದ್ದು ಬಿಡುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ನೀವೆಲ್ಲ ನಿಮ್ಮ ನಿಮ್ಮ ಕೇಬಲ್ಲಿನ ಮೇಲುಹೊದಿಕೆ ಸುಲಿದು, ವಯರು ಬಿಡಿಸಿ, ಮನೆ ಮನೆಯಾಗಿ ನೂಲು ಕಟ್ಟಿ, ಬಟ್ಟೆ ಮುಚ್ಚಿ ಸಂಜೆ ಚಾ ಕುಡಿಯಲು ಹೋದಿರಿ. ನಾನು ಕಸ ಗುಡಿಸಲು ಒಳಗೆ ಹೋದೆ.

ಪರೀಕ್ಷೆಯಲ್ಲಿ ಜೋಡಿಸಿದ ಮೇಲೆ ಉಳಿಯುವ ತುದಿ ಹೇಗೂ ಕಸಕ್ಕೆ ಹೋಗುತ್ತದಲ್ಲ ಎಂದುಕೊಂಡೆ — ಇಷ್ಟು ವರ್ಷ ನನಗೆ ನಾನು ಹೀಗೆ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ತುದಿ ಯಾವುದು, ಬುಡ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ಕೇಬಲ್ ಇದ್ದವು. ಬಾಗಿಲ ಪಕ್ಕದ್ದು ಕೆರೆಬಿಳಚಿಯ ಒಬ್ಬನದು. ಅವನು ಉಪ್ಪು ಕಡಿಮೆಯಾದರೂ ಬೀದಿಗೆ ಕೇಳುವಂತೆ ಕೂಗುವವನು. ಅದನ್ನು ದಾಟಿದೆ. ಇನ್ನೂ ಮೂರು ದಾಟಿ ನಿಮ್ಮದರ ಮುಂದೆ ನಿಂತೆ. ಯಾಕೆ ನಿಮ್ಮದು? ನೀವು ಕೂಗುವವರಲ್ಲ, ಅದಕ್ಕೆ. ಅಷ್ಟೇ. ಒಂದೊಂದು ಮೊಳದ ಐದು ವಯರು ಹಿಡಿದು ಬುಡಕ್ಕೇ ಕತ್ತರಿಸಿ ಸೆರಗಿನಲ್ಲಿ ಸುತ್ತಿಕೊಂಡೆ.

ಬೆಳಿಗ್ಗೆ ಬಟ್ಟೆ ತೆಗೆದಾಗ ಸಾಹೇಬರು ನಿಮ್ಮ ಪಕ್ಕದಲ್ಲೇ ಇದ್ದರು. ನಾನು ಚಾ ತಟ್ಟೆ ಹಿಡಿದು ಬಾಗಿಲಲ್ಲಿ.

"ಏನಯ್ಯಾ ಇದು? ಕೊನೇ ಐದು ಜೋಡಿ ತಲೆಗೆ ಹತ್ಲಿಲ್ಲ ಅಂತ ನೀನೇ ಕತ್ತರಿಸ್ಕೊಂಡಿದೀಯಾ?"

"ಇಲ್ರಿ ಸಾರ್. ನಂಗೆ ಎಲ್ಲಾ ಬರ್ತೈತ್ರಿ. ಬೇಕಾದ್ರೆ ಗೌರಕ್ಕಾರನ್ನ ಕೇಳ್ರಿ, ದಿನಾ ಅವ್ರಿಗೇ ಒಪ್ಪಿಸ್ತಿದ್ದೆ."

ಸಾಹೇಬರು ನನ್ನ ಕಡೆ ತಿರುಗಿದರು. ಹೌದು ಎನ್ನಬಹುದಿತ್ತು. ಕತ್ತರಿಸಿದ್ದನ್ನು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ, ಬರೀ ಹೌದು ಅಂದಿದ್ದರೆ ಇನ್ನೊಂದು ತುಂಡು ಕೇಬಲ್ ಕೊಟ್ಟು ನೋಡುತ್ತಿದ್ದರೇನೋ. ಆದರೆ ಹೌದು ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಕತ್ತರಿಸಿದವರು ಯಾರು —

"ನಾನು ಒಲೆ ಮುಂದಿನೋಳು ಸಾರ್. ವಯರು ಗಿಯರು ನಂಗೇನು ಗೊತ್ತಾಗ್ತೈತ್ರಿ?"

ಯಾರೋ ನಕ್ಕರು. ಸಾಹೇಬರು ನಿಮಗೆ, "ಸರಿ, ಈಗ ಹೇಳು ನೋಡಾಣ" ಅಂದರು. ನೀವು ಬಾಯಿ ತೆರೆದಿರಿ. ನನ್ನನ್ನೇ ನೋಡುತ್ತಾ ನಿಂತಿರಿ. ಬಿಳಿ-ನೀಲಿ ಕೂಡ ಹೊರಡಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಇಪ್ಪತ್ತೈದೂ ಇದ್ದವು, ಚಾ ತಟ್ಟೆ ಹಿಡಿದುಕೊಂಡೇ ಇದ್ದೆ. ಸಾಹೇಬರು ನಿಮ್ಮ ಹೆಸರಿನ ಮುಂದೆ ಫೇಲ್ ಎಂದು ಬರೆದರು.

ಆ ಸಾಹೇಬರ ಬುದ್ಧಿಗೆ ಏನು ಹೇಳಬೇಕು! ತನ್ನ ಕೇಬಲ್ಲನ್ನು ಪರೀಕ್ಷೆಯ ದಿನ ತಾನೇ ಕತ್ತರಿಸಿಕೊಂಡು, ಮೇಲೆ ಬಟ್ಟೆ ಮುಚ್ಚಿ, ಅದರ ಮುಂದೆಯೇ ಕೂರುವವನು ಎಲ್ಲಾದರೂ ಇದ್ದಾನೆಯೇ? ಮತ್ತೆ ನೀವು — ನಿಮ್ಮ ಮೇಲೂ ನನಗೆ ಸಿಟ್ಟು ಬರುತ್ತದೆ ಹನುಮಂತಪ್ಪ, ಬರಬಾರದು, ಬರುತ್ತದೆ. ಹಾಸಿಗೆ ಸುತ್ತಿಕೊಂಡು ಹಿಂಬಾಗಿಲಿಗೆ ಬಂದಿರಿ. ನಿಮ್ಮ ತಟ್ಟೆ ತೊಳೆದು ದಿನದಂತೆ ಬೋರಲು ಹಾಕಿದಿರಿ. ಹೊಸ್ತಿಲ ಹತ್ತಿರ ಬಗ್ಗಿ ಏನನ್ನೋ ಎತ್ತಿಕೊಂಡಿರಿ. ಉಗುರಿನಷ್ಟು ನೇರಳೆ ವಯರು. ನನ್ನ ಸೆರಗಿನಿಂದ ಬಿದ್ದದ್ದು. ಅದನ್ನು ರುಬ್ಬುವ ಕಲ್ಲಿನ ಮೇಲೆ ಇಟ್ಟು, ನನ್ನ ಮುಖ ನೋಡಿ, "ಬರ್ತೀನ್ರಿ ಅಕ್ಕಾರೆ" ಅಂದಿರಿ.

ಒಂದು ಮಾತು ಬೈದಿದ್ದರೆ! ಅದನ್ನು ಎತ್ತಿಕೊಂಡು ಹೋಗಿ ಸಾಹೇಬರ ಮುಂದೆ ಹಿಡಿದಿದ್ದರೆ! ಕೂಗುವವರಲ್ಲ ಎಂದು ನಿಮ್ಮದನ್ನು ಕತ್ತರಿಸಿ, ಕೂಗಲಿಲ್ಲ ಎಂದು ನಿಮ್ಮ ಮೇಲೇ ರೇಗುತ್ತೇನೆ — ಎಂಥ ಹೆಂಗಸು ನಾನು. ನೀವು ಜಗಳೂರಿನ ಬಸ್ಸು ಸಿಗಲೆಂದು ದಾವಣಗೆರೆಗೆ ಹೊರಟಿರಿ. ನಾನು ಆ ಚೂರನ್ನು ಒಲೆಗೆ ಹಾಕಿದೆ. ಕೆಟ್ಟ ನಾತ ಬಂತು. ಸಂಜೆ ಅಂಚು ಹೆಣೆದು ಮುಗಿಸಿದೆ. ಚೆನ್ನಾಗಿಯೇ ಬಂತು. ಸಾಹೇಬರ ಮನೆಯ ಅಮ್ಮನವರು ಅದನ್ನು ಹಿಡಿದು ಸಂತೆಗೆ ಹೋಗುತ್ತಿದ್ದರು, ಸಾಹೇಬರೂ ಪಕ್ಕದಲ್ಲಿ. ಆ ಐದು ವಯರು ಅವರ ಕಣ್ಣೆದುರಿಗೇ ತೂಗಾಡುತ್ತಿದ್ದವು, ಅವರಿಗೆ ಕಾಣಲಿಲ್ಲ. ನನಗೆ ಮುಂದಿನ ತಂಡದ ಅಡಿಗೆ ಸಿಕ್ಕಿತು. ಅದರ ಮುಂದಿನದೂ.

ಈಗ ಯಾಕೆ ಹೇಳುತ್ತಿದ್ದೀರಿ ಎಂದು ಕೇಳುವಿರಿ. ಕೇಳಬೇಕಾದ್ದೇ. ಈಗ ನಾನು ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಕಂಪ್ಯೂಟರಿಗೆ ಕಂಪ್ಯೂಟರು ಜೋಡಿಸುವ ತರಬೇತಿಗೆ ಸೇರಿದ್ದಾಳೆ. ಮೊನ್ನೆ ಚಾಪೆಯ ಮೇಲೆ ಎಂಟು ಬಣ್ಣದ ವಯರು ಬಿಡಿಸಿಕೊಂಡು ಕೂತಿದ್ದಳು. ನಾನು ಕೈ ಚಾಚಿದೆ. "ಅಜ್ಜಿ, ಮುಟ್ಬೇಡ. ಸರದಿ ತಪ್ಪಿದ್ರೆ ಒಂದಕ್ಕೊಂದು ಮಾತಾಡಲ್ಲ. ನಿಂಗಿವೆಲ್ಲ ಗೊತ್ತಾಗಲ್ಲ" ಅಂದಳು.

ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟ ಹಾಗಾಯಿತು. ಅವಳ ಮೇಲೆ ಸುಮ್ಮನೆ ಕಿರುಚಿದೆ. ಆಮೇಲೆ ಅವಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಬರೆದರೆ ಅದನ್ನೂ ನಿಮ್ಮಿಂದಲೇ ಕಿತ್ತುಕೊಂಡ ಹಾಗೆ. ಈ ಹಾಳೆಗಳನ್ನು ಹಿಡಿದುಕೊಂಡು ಬರುವ ಸೋಮವಾರ ನಾನೇ ಸೊಕ್ಕೆಗೆ ಬರುತ್ತೇನೆ. ನೀವಿದ್ದರೆ ನಿಮ್ಮ ಮುಂದೆ, ಇಲ್ಲದಿದ್ದರೆ ನಿಮ್ಮ ಹೆಂಡತಿ ಮಕ್ಕಳ ಮುಂದೆ, ಅಕ್ಕಪಕ್ಕದವರನ್ನೂ ಕರೆಸಿ ನಿಂತುಕೊಂಡು ಒಪ್ಪಿಸುತ್ತೇನೆ. ಬಿಳಿ-ನೀಲಿಯಿಂದ ನೇರಳೆ-ಬೂದಿಯವರೆಗೆ, ಇಪ್ಪತ್ತೈದೂ, ಒಂದೂ ನುಂಗದೆ. ನಿಮಗೆ ಎಲ್ಲ ಬರುತ್ತಿತ್ತು ಎನ್ನುತ್ತೇನೆ. ನನಗೂ ಗೊತ್ತಿತ್ತು ಎನ್ನುತ್ತೇನೆ.