ಮೂರು ಸಲ ಉಜ್ಜಿದ ಕಾರ್ಡು

ಅವ್ವನ ಕಾರ್ಡಿನ ಹಿಂಬದಿಯ ಮೂರು ಗುಪ್ತ ಅಂಕಿಗಳ ಮೇಲೆ ನಾನು ಅಂಟಿಸಿದ ಬಿಳಿ ಪಟ್ಟಿ ಹದಿನಾಲ್ಕು ಮಿಲಿಮೀಟರ್ ಉದ್ದ, ಐದು ಮಿಲಿಮೀಟರ್ ಅಗಲವಿತ್ತು. ಸ್ಕೇಲಿಟ್ಟು ಅಳೆದು ಕತ್ತರಿಸಿದ್ದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಮಸಾಲೆಪುಡಿಗಳ ತೇವಾಂಶ ಅಳೆಯುವುದು ನನ್ನ ಕೆಲಸ. ಸೀಸೆಗಳಿಗೆ ಅಂಟಿಸುವ ಲೇಬಲ್ಲಿನಿಂದ ತೆಗೆದ ತುಂಡು ಅದು. ನೀರು ತಾಗಿದರೂ ಏಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಸ್ವಭಾವ ನಿಮಗೆ ತಿಳಿದಿರಬಹುದು. ಹೋಟೆಲಿನಲ್ಲಿ ಬಿಲ್ಲಿಗೆಂದು ಕಾರ್ಡು ಕೊಟ್ಟರೆ, ಅದನ್ನು ಒಯ್ಯುವವನ ಹಿಂದೆಯೇ ಎದ್ದು ಹೋಗುವವಳು ನಾನು. ಒಮ್ಮೆ ಹಾಗೆ ಹೋದವಳು ದಾರಿ ತಪ್ಪಿ ಅಡುಗೆಮನೆ ಹೊಕ್ಕು, ದೋಸೆ ಹುಯ್ಯುತ್ತಿದ್ದವರಿಂದ ಬೈಸಿಕೊಂಡಿದ್ದೇನೆ. ಪಿನ್ ಒತ್ತುವಾಗ ಎಡಗೈಯನ್ನು ಮಿಷನ್ನಿನ ಮೇಲೆ ಚಪ್ಪರದ ಹಾಗೆ ಹಿಡಿಯುತ್ತೇನೆ. ಕೆಲವು ಸಲ ಚಪ್ಪರ ಎಷ್ಟು ಬಿಗಿಯಾಗಿರುತ್ತದೆ ಎಂದರೆ, ಅಂಕಿಗಳು ನನಗೇ ಕಾಣದೆ ತಪ್ಪು ಒತ್ತುತ್ತೇನೆ. ಪ್ರವಾಸ ಹೋದರೆ ಬಸ್ ನಿಲ್ದಾಣದ ಪುಕ್ಕಟೆ ವೈಫೈ ಮುಟ್ಟುವುದಿಲ್ಲ. ಮನೆಗೆ ವಾಪಸು ಬರುವ ತನಕ ಒಂದು ಫೋಟೋ ಹಾಕುವುದಿಲ್ಲ. ನಾನು ಊರಲ್ಲಿಲ್ಲ ಎಂದು ಕಳ್ಳರಿಗೆ ಗೊತ್ತಾಗಬಾರದಲ್ಲ. ಹೀಗಾಗಿ ನಾನು ಎಲ್ಲಿಗಾದರೂ ಹೋಗಿದ್ದೆ ಎಂಬುದು ಸ್ನೇಹಿತರಿಗೂ ಗೊತ್ತಾಗುವುದಿಲ್ಲ.

ಅಂಥವಳ ಅವ್ವ ಗೋವಾಕ್ಕೆ ಹೊರಟಳು.

ಅವ್ವ ಮೂಗೂರಿನ ಅಂಗನವಾಡಿಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಇರುವುದು ತಿರುಮಕೂಡಲು ನರಸೀಪುರದಲ್ಲಿ, ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ. ಶನಿವಾರ ನಾನು ನಂಜನಗೂಡಿನಿಂದ ಬಸ್ಸು ಹಿಡಿದು ಹೋಗುತ್ತೇನೆ. ಹೊರಡುವಾಗ ಸೇತುವೆಯಿಂದ ನೋಡಿದ ಕಪಿಲೆಯೇ ಅಲ್ಲಿ ಕಾವೇರಿಯನ್ನು ಸೇರುತ್ತಾಳೆ. ನನಗಿಂತ ನಿಧಾನ, ಆದರೆ ಒಂದು ವಾರವೂ ತಪ್ಪಿಸುವುದಿಲ್ಲ. ಅವ್ವನಿಗೆ ಇಬ್ಬರು ಜೀವದ ಗೆಳತಿಯರು, ಅಕ್ಕಪಕ್ಕದ ಹಳ್ಳಿಗಳ ಅಂಗನವಾಡಿಗಳಲ್ಲಿದ್ದ ಶಾಂತಮ್ಮ ಮತ್ತು ಪುಟ್ಟತಾಯಮ್ಮ. ಒಂದೇ ವರ್ಷ ಮೂವರೂ ಕೆಲಸ ಬಿಟ್ಟರು. ಜೀವಮಾನವೆಲ್ಲ ಬೇರೆಯವರ ಮಕ್ಕಳನ್ನು ತೂಗಿ, ಮಲಗಿಸಿ, ಮೂಗು ಒರೆಸಿದ್ದಾಯಿತು, ಇನ್ನು ಸಮುದ್ರ ನೋಡೋಣ ಎಂದು ಟೂರಿನ ಬಸ್ಸಿನಲ್ಲಿ ಮೂರು ಸೀಟು ಹೇಳಿದರು.

ಅವ್ವನ ಕೈಯಲ್ಲಿ ಹೆಚ್ಚು ನಗದು ಇರುವುದು ಬೇಡವೆಂದು ನನ್ನ ಕ್ರೆಡಿಟ್ ಕಾರ್ಡಿನ ಮೇಲೆಯೇ ಅವಳ ಹೆಸರಿನಲ್ಲಿ ಇನ್ನೊಂದು ಕಾರ್ಡು ತರಿಸಿದೆ. ಬಿಳಿ ಪಟ್ಟಿ ಅಂಟಿಸಿದೆ. ಪಿನ್ ಬಾಯಿಪಾಠ ಮಾಡಿಸಿದೆ. ಅದನ್ನು ಯಾರಿಗೂ ಹೇಳಬಾರದು, ಎಲ್ಲೂ ಬರೆಯಬಾರದು, ಕಾರ್ಡು ಕಣ್ಣಿಂದ ಮರೆಯಾಗಬಾರದು ಎಂದು ಪಾಠ ಹೇಳಿದೆ. ಎಲ್ಲಿ ಉಜ್ಜಿದರೂ ನನ್ನ ಫೋನಿಗೆ ಮೆಸೇಜು ಬರುತ್ತದೆ, ಹೆದರಬೇಡ ಎಂದೆ. ಒಂದು ಸಲಕ್ಕೆ ಎರಡು ಸಾವಿರದ ಮೇಲೆ ಹೋಗದಂತೆ ಆ್ಯಪಿನಲ್ಲಿ ಮಿತಿ ಹಾಕಿದ್ದೆ. ಅದೊಂದನ್ನು ಹೇಳಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ. ಅವ್ವ ಒಂದು ಸಲಕ್ಕೆ ಎರಡು ನೂರು ಖರ್ಚು ಮಾಡಿದ್ದನ್ನೂ ನಾನು ಕಂಡಿರಲಿಲ್ಲ.

ಬ್ಯಾಂಕಿನವರು ಕಳ್ಳತನವನ್ನು ಪತ್ತೆಹಚ್ಚುವ ರೀತಿಯ ಬಗ್ಗೆ ನಾನು ಆಸಕ್ತಿಯಿಂದ ಓದಿದ್ದೇನೆ. ಅವರ ಯಂತ್ರಕ್ಕೆ ಕಳ್ಳನ ಮುಖ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ನಿಮ್ಮ ಮುಖ ಮಾತ್ರ. ನೀವು ಯಾವ ಅಂಗಡಿಗೆ ಹೋಗುವವರು, ಎಷ್ಟು ಹೊತ್ತಿಗೆ, ಎಷ್ಟು ಕೊಡುವವರು ಎಂದು ವರ್ಷಗಟ್ಟಲೆ ನೋಡಿ ನಿಮ್ಮದೊಂದು ಚಿತ್ರ ಬರೆದಿಟ್ಟುಕೊಂಡಿರುತ್ತದೆ. ಒಂದು ದಿನ ನೀವು ಆ ಚಿತ್ರದಿಂದ ಆಚೆ ಕಾಲಿಟ್ಟಿರೋ, ಗಂಟೆ ಬಾರಿಸುತ್ತದೆ. ಇದನ್ನು ಓದಿದಾಗ ಎಷ್ಟು ಜಾಣ ಉಪಾಯ ಎನ್ನಿಸಿತ್ತು. ಮನುಷ್ಯರು ತಮ್ಮ ಚಿತ್ರದಿಂದ ಆಚೆ ಕಾಲಿಡುವುದಕ್ಕೆಂದೇ ಪ್ರವಾಸ ಹೋಗುತ್ತಾರೆ ಎಂಬುದು ಆಗ ಹೊಳೆಯಲಿಲ್ಲ.

ಪ್ರವಾಸದ ಮೂರನೆಯ ದಿನ ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ, ಲ್ಯಾಬಿನಲ್ಲಿ ಧನಿಯಾಪುಡಿಯನ್ನು ತಕ್ಕಡಿಗೆ ಹಾಕುತ್ತಿದ್ದಾಗ ಮೆಸೇಜು ಬಂತು. ಅವ್ವನ ಕಾರ್ಡಿನಲ್ಲಿ ನಾಲ್ಕು ಸಾವಿರದ ಇನ್ನೂರು ರೂಪಾಯಿಯ ಪ್ರಯತ್ನ. ಮಿತಿ ಮೀರಿದ್ದರಿಂದ ನಿರಾಕರಿಸಲಾಗಿದೆ. ಹಣ ಕೇಳಿದವರ ಹೆಸರಿನ ಕೊನೆಯಲ್ಲಿ ‘ಏವಿಯೇಷನ್’ ಎಂದಿತ್ತು. ಅವ್ವನಿಗೂ ಏವಿಯೇಷನ್ನಿಗೂ ಏನು ಸಂಬಂಧ? ಯಾರೋ ಕಾರ್ಡು ಕದ್ದು ವಿಮಾನದ ಟಿಕೆಟು ಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅವ್ವನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಚಾರ್ಜು ಉಳಿಯಲಿ ಎಂದು ಫೋನನ್ನು ಆರಿಸಿ ಬ್ಯಾಗಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಇಡುವುದು ಅವಳ ಅಭ್ಯಾಸ. ಎರಡನೆಯ ಮೆಸೇಜು ಬಂತು, ಅಷ್ಟೇ ಮೊತ್ತ, ಅದೇ ಹೆಸರು. ನಾನು ಕಾರ್ಡನ್ನು ಬ್ಲಾಕ್ ಮಾಡಿದೆ. ‘ಈ ವಹಿವಾಟು ನಿಮ್ಮದೇ?’ ಎಂದು ಆ್ಯಪು ಕೇಳಿತು. ಅಲ್ಲ ಎಂದೆ. ಬ್ಲಾಕ್ ಆದ ಮೇಲೂ ಮೂರನೆಯ ಮೆಸೇಜು ಬಂದಾಗ, ಕಳ್ಳ ಭಾರಿ ಹಟಮಾರಿ ಎಂದುಕೊಂಡು ಧನಿಯಾಪುಡಿಗೆ ಮರಳಿದೆ. ಆ ದಿನದ ಒಂದು ಅಳತೆಯೂ ತಪ್ಪಲಿಲ್ಲ. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಅಂದು ಸಂಜೆ ಅವ್ವನೇ ಫೋನ್ ಮಾಡಿದಳು. ಕಾರ್ಡು ಬ್ಯಾಗಿನಲ್ಲೇ ಇದೆ ಎಂದಳು. ಹಾಗಾದರೆ ಕಳ್ಳರು ನಂಬರನ್ನು ಎಲ್ಲೋ ನಕಲು ಮಾಡಿಕೊಂಡಿದ್ದಾರೆ, ನಾನು ಸಮಯಕ್ಕೆ ಸರಿಯಾಗಿ ತಡೆದೆ ಎಂದು ವಿವರಿಸಿದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, “ಒಳ್ಳೇದಾಯ್ತು ಬುಡು ಮಗ” ಅಂದಳು. ಆಮೇಲೆ ಅಲ್ಲಿಯ ಮೀನಿನ ರೇಟಿನ ಬಗ್ಗೆ ಮಾತಾಡಿದಳು.

ಆ ಒಂದು ಗಳಿಗೆಯನ್ನು ನಾನು ನೆಟ್‌ವರ್ಕಿನ ತೊಂದರೆ ಎಂದುಕೊಂಡೆ.

ಇದಾದ ಮೇಲೆ ಒಂದೂವರೆ ವರ್ಷ ನಾನು ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು, ಇದೊಂದಕ್ಕೆ ಮಾತ್ರ ವಾಚಾಳಿಯಾದೆ. ಕಾರ್ಖಾನೆಯಲ್ಲಿ ರಜೆಗೆ ಹೊರಡುವವರಿಗೆ ಹೇಳಿದೆ. ಒಂದು ಮಧ್ಯಾಹ್ನ ಮ್ಯಾನೇಜರೇ ಎಲ್ಲರನ್ನೂ ಕೂರಿಸಿ ನನ್ನಿಂದ ಹೇಳಿಸಿದರು. ಹಟಮಾರಿ ಕಳ್ಳನ ಮೂರನೆಯ ಪ್ರಯತ್ನಕ್ಕೆ ಎಲ್ಲರೂ ನಕ್ಕರು. ನರಸೀಪುರದ ಮನೆಗೆ ನೆಂಟರು ಬಂದಾಗಲೂ ಹೇಳಿದೆ. ಅವ್ವ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿರುತ್ತಿದ್ದಳು. ತಲೆಯೆತ್ತುತ್ತಿರಲಿಲ್ಲ. ಹೊಸ ಕಾರ್ಡು ಬಂದಾಗ, ನೀನೇ ಇಟ್ಟುಕೋ, ನನಗೆ ಅದರ ರಗಳೆ ಬೇಡ ಎಂದುಬಿಟ್ಟಳು. ವಂಚನೆಗೆ ಸಿಕ್ಕವರು ಆಮೇಲೆ ಕಾರ್ಡಿಗೇ ಹೆದರುತ್ತಾರೆ ಎಂದು ಎಲ್ಲೋ ಓದಿದ್ದೆ. ಅದನ್ನೂ ಕತೆಯ ಕೊನೆಗೆ ಸೇರಿಸಿಕೊಂಡೆ.

ಈ ಮಾಘದಲ್ಲಿ ಶಾಂತಮ್ಮ ತೀರಿಕೊಂಡರು. ಬಟ್ಟೆ ಒಗೆಯುತ್ತಿದ್ದವರು ಹಾಗೆಯೇ ಕುಸಿದರಂತೆ. ಅವ್ವ ಆ ಹನ್ನೊಂದು ದಿನವೂ ಅವರ ಮನೆಗೆ ಹೋಗಿ ಬಂದಳು. ತಿಥಿಯ ದಿನ ಭಾನುವಾರವಾಗಿದ್ದರಿಂದ ನಾನೂ ಜೊತೆಗೆ ಹೋದೆ. ಊಟದ ಹೊತ್ತು. ಅವ್ವ ಒಳಗೆ ಬಡಿಸುವವರ ಜೊತೆಗಿದ್ದಳು. ನಾನು ಶಾಮಿಯಾನದ ಕೆಳಗೆ ಪುಟ್ಟತಾಯಮ್ಮನವರ ಪಕ್ಕದ ಎಲೆಗೆ ಕೂತಿದ್ದೆ. ಎದುರು ಸಾಲಿನಲ್ಲಿ ಯಾರೋ ತಮ್ಮ ಭಾವಮೈದುನನಿಗೆ ವಂಚಕರು ಫೋನಿನಲ್ಲಿ ಟೋಪಿ ಹಾಕಿದ್ದನ್ನು ಹೇಳಿದರು. ಸಾವಿನ ಮನೆಯಲ್ಲಿ ಸುಮ್ಮನಿರಬೇಕಿತ್ತು. ನಾನು ಕತೆ ತೆಗೆದೆ. ಪುಟ್ಟತಾಯಮ್ಮ ನಿವೃತ್ತಿಯ ನಂತರ ಹುಣಸೂರಿನಲ್ಲಿ ಮಗಳ ಮನೆ ಸೇರಿದ್ದರಿಂದ ಅದನ್ನು ಕೇಳಿರಲಿಲ್ಲ. ನಾಲ್ಕು ಸಾವಿರದ ಇನ್ನೂರು, ಏವಿಯೇಷನ್ ಎನ್ನುವಾಗ ಅವರ ಕೈ ಎಲೆಯ ಮೇಲೆ ನಿಂತಿತು.

“ಯಾವ ಕಳ್ಳನವ್ವ?” ಅಂದರು. “ಕಾರ್ಡ್ ಕೊಟ್ಟಿದ್ದು ನಿಮ್ಮವ್ವನೇ ಕಣ್ ಮಗ. ನಾನು ಪಕ್ಕದಲ್ಲೇ ನಿಂತಿದ್ದೆ.”

ಎದುರು ಸಾಲಿನವರು ಪಾಯಸ ಕೇಳುತ್ತಿದ್ದರು. ಪುಟ್ಟತಾಯಮ್ಮ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದರು. ಅಲ್ಲಿ ಹೆಲಿಕಾಪ್ಟರಿನಲ್ಲಿ ಕೂರಿಸಿ ಸಮುದ್ರದ ಮೇಲೆ ಹತ್ತು ನಿಮಿಷ ಸುತ್ತಿಸುತ್ತಾರಂತೆ. ಪುಟ್ಟತಾಯಮ್ಮನಿಗೆ ಭಯ. ಶಾಂತಮ್ಮನಿಗೆ ಅದಕ್ಕಿಂತ ಭಯ. ಎಳೆದುಕೊಂಡು ಹೋದವಳು ಅವ್ವ. “ಸಾಯೋಗಂಟ ಇನ್ಯಾವಾಗ ಅತ್ತೀರೆ, ಬನ್ರೇ” ಅಂದಳಂತೆ. ಅವರಿಬ್ಬರು ಸೆರಗಿನ ಗಂಟಿನಿಂದ ನೋಟು ತೆಗೆದು ಕೊಟ್ಟರು. ಅವ್ವ ಎಲ್ಲರ ಮುಂದೆ ಕಾರ್ಡು ತೆಗೆದಳು. ನನ್ನ ಮಗಳು ಕೊಟ್ಟದ್ದು ಎಂದು ಕೌಂಟರಿನವನಿಗೂ ಹೇಳಿದಳಂತೆ, ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅವನು ಉಜ್ಜಿದ. ಆಗಲಿಲ್ಲ. ಅವ್ವ ಇನ್ನೊಂದು ಸಲ ನೋಡಪ್ಪ ಅಂದಳು. ಆಗಲಿಲ್ಲ. ಕಾರ್ಡನ್ನು ಸೆರಗಿನಲ್ಲಿ ಒರೆಸಿ ಮತ್ತೆ ಕೊಟ್ಟಳು.

“ಸಾಂತಿ ‘ನಾನ್ ಕೊಡ್ತೀನಿ ಬಾರೆ’ ಅಂದ್ಲು. ನಿಮ್ಮವ್ವ ಒಪ್ಲಿಲ್ಲ. ‘ಬ್ಯಾಡ ಕಣೆ. ಉಜ್ಜುದ್ರೆ ನನ್ ಮಗಳಿಗೆ ಮೆಸೇಜ್ ಓಯ್ತದೆ. ನೋಡವಳೆ, ಬ್ಯಾಡ ಅಂದವಳೆ. ಏನೋ ಕಾರಣ ಇರ್ತದೆ’ ಅಂದ್ಲು. ದುಡ್ಡು ಕಟ್ಟಾಗಿತ್ತಲ್ಲ, ನಮ್ಮಿಬ್ಬರನ್ನೂ ಅತ್ತುಸ್ಬುಟ್ಟು, ನಮ್ ಬ್ಯಾಗು, ನೀರಿನ ಬಾಟ್ಲು ತಬ್ಕಂಡು ಕೆಳಗೇ ನಿಂತಿದ್ಲು ಕಣವ್ವ.”

ಪುಟ್ಟತಾಯಮ್ಮ ಎಡಗೈಯಲ್ಲಿ ಫೋನು ತಡಕಿ ಒಂದು ಫೋಟೋ ತೋರಿಸಿದರು. ಹೆಲಿಕಾಪ್ಟರಿನ ಕಿಟಕಿಯಲ್ಲಿ ಎರಡು ಮುಖ, ಕಿವಿಗೆ ದೊಡ್ಡ ದೊಡ್ಡ ಹೆಡ್‌ಫೋನು. ಶಾಂತಮ್ಮ ಕಣ್ಣು ಬಿಗಿಯಾಗಿ ಮುಚ್ಚಿದ್ದಾರೆ. ತೆಗೆದವಳು ಅವ್ವ. ಫೋಟೋದ ಬಲ ಮೂಲೆಯಲ್ಲಿ ಮಸುಕಾಗಿ ಒಂದು ಬೆರಳು ಬಂದಿದೆ. ಆ ಫೋಟೋದಲ್ಲಿ ಅವ್ವ ಇರುವುದು ಅಷ್ಟೇ.

ಅಂಗನವಾಡಿಯ ಕೆಲಸ ಎಂಥದೆಂದು ನಾನು ಚಿಕ್ಕಂದಿನಿಂದ ನೋಡಿದವಳು. ಒಡೆದ ಮೊಟ್ಟೆಗೂ ಸೂಪರ್‌ವೈಸರ್ ಸಹಿ ಬೇಕು. ಒಂದು ಚಾಪೆಗೆ ಬರೆದು ಕಳಿಸಬೇಕು. ಮೇಲಿನಿಂದ ಇಲ್ಲ ಎಂದು ಬಂದರೆ ಕಾರಣ ಕೇಳುವ ಹಾಗಿಲ್ಲ. ಅವ್ವ ಬರಿ ನೆಲಕ್ಕೆ ತನ್ನ ಹಳೆಯ ಸೀರೆ ಹಾಸಿ ಮಕ್ಕಳನ್ನು ಮಲಗಿಸುತ್ತಿದ್ದಳು. ಮೂವತ್ತು ವರ್ಷ ಹೀಗೆ ಕಳೆದವಳ ಕೈಗೆ, ಎಲ್ಲವೂ ನನಗೆ ತಿಳಿಯುತ್ತದೆ ಎಂದು ಹೇಳಿ ಕಾರ್ಡು ಕೊಟ್ಟಿದ್ದೆ. ಅವ್ವನ ಲೆಕ್ಕದಲ್ಲಿ ನಾನು ಹೊಸ ಸೂಪರ್‌ವೈಸರ್. ನಿರಾಕರಿಸಿದ್ದು ಮಿಷನ್ನಲ್ಲ, ಮಗಳು. ಆದರೂ ಒಂದು ವಿಷಯ ಈಗಲೂ ನನ್ನನ್ನು ಬಿಡುವುದಿಲ್ಲ. ಎರಡನೆಯ ಸಲ ಸಾರು ಬೇಕೆಂದು ಯಾವ ಮನೆಯಲ್ಲೂ ಕೇಳದವಳು, ಅಂದು ಮೂರು ಸಲ ಕೇಳಿದ್ದಾಳೆ. ಅವಳ ಆಸೆ ಎಷ್ಟಿತ್ತು ಎಂಬುದಕ್ಕೆ ನನ್ನ ಫೋನಿನಲ್ಲೇ ದಾಖಲೆಯಿತ್ತು, ಗಂಟೆ ನಿಮಿಷ ಸಮೇತ. ನಾನು ಅದನ್ನು ಕಳ್ಳನ ಹೆಸರಿಗೆ ಬರೆದೆ.

ಲ್ಯಾಬಿನಲ್ಲಿ ಒಂದು ನಿಯಮವಿದೆ. ಒಂದು ಮೂಟೆಯ ಅಳತೆ ವಿಚಿತ್ರವಾಗಿ ಬಂದರೆ, ತಿರಸ್ಕರಿಸುವ ಮೊದಲು ಇನ್ನೊಂದು ಕಡೆಯಿಂದ ಪುಡಿ ತೆಗೆದು ಮತ್ತೆ ನೋಡಬೇಕು. ಟೂರಿನ ಬಸ್ಸಿನವರ ನಂಬರು ನನ್ನಲ್ಲಿತ್ತು. ಪುಟ್ಟತಾಯಮ್ಮನ ನಂಬರೂ ಇತ್ತು. ಧನಿಯಾಪುಡಿಗೆ ಕೊಡುವಷ್ಟು ಅವಕಾಶವನ್ನು ನಾನು ಅವ್ವನಿಗೆ ಕೊಡಲಿಲ್ಲ. ಅವ್ವ ಖರ್ಚು ಮಾಡುವವಳಲ್ಲ ಎಂಬುದು ನನಗೆ ಅಷ್ಟು ಖಚಿತವಾಗಿತ್ತು. ಒಬ್ಬರ ಬಗ್ಗೆ ಖಚಿತವಾಗಿರುವುದನ್ನೇ ನಾನು ಇಷ್ಟು ವರ್ಷ ಪ್ರೀತಿ ಎಂದುಕೊಂಡಿದ್ದೆ.

ತಿಥಿಯಿಂದ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಗೆಳತಿಯ ತಿಥಿಯ ದಿನ ನನ್ನ ತಪ್ಪನ್ನು ಅವಳ ಮಡಿಲಿಗೆ ಹಾಕುವುದು ಇನ್ನೊಂದು ತಪ್ಪಾಗುತ್ತಿತ್ತು. ಮತ್ತೆ ಕರೆದುಕೊಂಡು ಹೋಗಬಹುದಲ್ಲ ಎಂದು ಒಂದು ಕ್ಷಣ ಅನ್ನಿಸಿ, ನಾಚಿಕೆಯಾಯಿತು. ಹೆಲಿಕಾಪ್ಟರು ಸಿಗುತ್ತದೆ. ಪಕ್ಕದ ಸೀಟಿಗೆ ಶಾಂತಮ್ಮನನ್ನು ಎಲ್ಲಿಂದ ತರಲಿ?

ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಬಸ್ಸು. ಬ್ಯಾಗು ಹಿಡಿದು ಹೊರಬಂದಾಗ ಅವ್ವ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. “ಅವ್ವ, ಅವತ್ತು ನಾನು ಬೇಡ ಅಂದಿರಲಿಲ್ಲ” ಅಂದೆ.

ಅವ್ವ ಏನು, ಯಾವತ್ತು ಎಂದು ಕೇಳಲಿಲ್ಲ.

“ಗೊತ್ತು ಕಣ್ ಮಗ. ನೀನು ಕಳ್ಳನ ಸುದ್ದಿ ಏಳ್ದಾಗ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಅಷ್ಟು ಕುಸಿಯಿಂದ ಏಳ್ತಿದ್ದೆಲ್ಲ. ಅಪರೂಪಕ್ಕೆ ನಾಲಕ್ ಜನದ ಮುಂದೆ ಮಾತಾಡ್ತಿದ್ದೆ.” ಒಂದು ಹುಳುಕು ಎಲೆ ಕಿತ್ತೆಸೆದು, “ಸಾಂತಿ ಕೈ ಇಡ್ಕಂಡು ಕೂತ್ಕಬೇಕು ಅಂತಿತ್ತು, ಅಷ್ಟೆ. ಅವಳಿಗೆ ತಾರಸಿ ಏಣಿ ಕಂಡ್ರೂ ಎದ್ರಿಕೆ” ಅಂದಳು.

ನಾನು ಒಳಗೆ ಹೋಗಿ ಲ್ಯಾಬಿಗೆ ಫೋನ್ ಮಾಡಿ ರಜೆ ಹೇಳಿದೆ. ಕಾರಣ ಕೇಳಿದರು. ಮನೆಯಲ್ಲಿ ಸ್ವಲ್ಪ ಕೆಲಸವಿದೆ ಎಂದೆ. ಬಂದು ಅವ್ವನ ಕೆಳಗಿನ ಮೆಟ್ಟಿಲಲ್ಲಿ ಕೂತು, ಶಾಂತಮ್ಮ ನಿನಗೆ ಮೊದಲು ಸಿಕ್ಕಿದ್ದು ಎಲ್ಲಿ ಎಂದು ಕೇಳಿದೆ. ಅವ್ವ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಶುರು ಮಾಡಿದಳು. ನನಗೆ ಗೊತ್ತಿಲ್ಲದ ಹೆಂಗಸೊಬ್ಬಳ ಬಗ್ಗೆ ಕೇಳುತ್ತಿರುವ ಹಾಗಿತ್ತು. ಆ ಹೆಂಗಸು ಶಾಂತಮ್ಮ ಅಲ್ಲ, ಅವ್ವ. ನಡುವೆ ಒಮ್ಮೆಯೂ ಮಾತಾಡದೆ, ಮಧ್ಯಾಹ್ನದವರೆಗೆ ಕೇಳುತ್ತ ಕೂತೆ.